ಬಿಡುವೆಂಬ ಭಾಗ್ಯ

ಭಾದ್ರಪದ ಶುದ್ಧ ಚೌತಿಯಂದು ಗಣಪತಿಯ ಮೂರ್ತಿ ಪೀಠವೇರಿತೆಂದರೆ ಮುಂಬಯಿಯ ಸುಗ್ಗಿ ಆರಂಭವಾಯಿತೆಂದೇ ತಿಳಿಯಬೇಕು. ಊರಿನಲ್ಲಿ ಸುಗ್ಗಿಯೆಂದರೆ ಬೆಳೆದದ್ದನ್ನು ಮನೆಯೊಳಗೆ ತರುವ ಕಾಲ. ಈ ಮಹಾನಗರದಲ್ಲಿ ಸುಗ್ಗಿಯೆಂದರೆ ಕಾಲೂರಿ ನಿಲ್ಲಲು ಪುರುಸೊತ್ತಿಲ್ಲದ ಕಾಲ. ಚೌತಿಯಿಂದ ಅನಂತ ಚತುರ್ದಶಿ, ಅದಾದ ಮೇಲೆ ನವರಾತ್ರಿ, ನವರಾತ್ರಿಯ ಬೆನ್ನಿಗೆ ದೀಪಾವಳಿ. ಹೀಗೆ ಸುಮಾರು ಎರಡು ತಿಂಗಳು ಹಬ್ಬದ ಹಿಂದೆ ಹಬ್ಬ ಬರುತ್ತದೆ. ಲಾಲ್‌ಬಾಗಿನಲ್ಲಿ ೧೯೩೪ರಿಂದ, ಕಿಂಗ್ಸ್ ಸರ್ಕಲಿನಲ್ಲಿ ಗೌಡ ಸಾರಸ್ವತ ಬ್ರಾಹ್ಮಣ ಸಮಾಜದ ವತಿಯಿಂದ ೧೯೫೫ರಿಂದ ನಡೆದು ಬಂದಿರುವ ಗಣೇಶೋತ್ಸವಗಳಿಗೆ ಜನಸಾಗರವೇ ಹರಿದುಬರುತ್ತದೆ. ಬಂದ ಜನರಿಗೆ ದೇವರ ದರ್ಶನವಾದ ಮೇಲೆ ಹಸಿವಾಗುತ್ತದೆ. ಹಸಿದವರು ಹೋಟೆಲಿಗೆ ಬರುತ್ತಾರೆ. ಅಲ್ಲಿ ಕಾವಲಿಯ ಮುಂದೆ ನಿಂತ ಭಟ್ಟರಿಗೂ, ಮೇಜಿನಿಂದ ಮೇಜಿಗೆ ಓಡುವ ಮಾಣಿಗೂ, ಗಲ್ಲೆಯಲ್ಲಿ ಕುಳಿತವರಿಗೂ ಹಗಲು ಯಾವುದು, ಇರುಳು ಯಾವುದು ಎಂಬ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಕಚೇರಿಗಳ ಪಾಡೂ ಇದಕ್ಕಿಂತ ಭಿನ್ನವಲ್ಲ. ಹಬ್ಬಕ್ಕೆ ಮುಂಚೆ ಮುಗಿಯಬೇಕಾದ ಬಿಲ್ಲುಗಳು, ಬೋನಸ್ಸಿನ ಲೆಕ್ಕ, ರಜೆಯ ಮೇಲೆ ಹೋದ ಸಹೋದ್ಯೋಗಿಯ ಕೆಲಸ, ಎಲ್ಲವೂ ಗುಮಾಸ್ತನ ಮೇಜಿನ ಮೇಲೆ ಬಂದು ಬೀಳುತ್ತವೆ. ಹಿಂದೆ ಕಚೇರಿಯ ಬಾಗಿಲು ದಾಟಿದರೆ ಕಚೇರಿ ಹಿಂದುಳಿಯುತ್ತಿತ್ತು. ಈಗ ಅದು ಮೊಬೈಲಿನಲ್ಲಿ ಕುಳಿತು ಲೋಕಲ್ ಗಾಡಿಯಲ್ಲಿಯೂ ಜತೆಗೆ ಬರುತ್ತದೆ, ಮನೆಯ ಊಟದ ತಟ್ಟೆಯ ಪಕ್ಕದಲ್ಲಿಯೂ ಬಂದು ಕೂರುತ್ತದೆ.

ಈ ಕಾಲದಲ್ಲಿ ನಮ್ಮವರ ಬಾಯಿಂದ ಪದೇ ಪದೇ ಕೇಳಿಬರುವ ಮಾತೊಂದಿದೆ: “ದೀಪಾವಳಿ ಒಮ್ಮೆ ಕಳೆಯಲಿ.” ಊರಿನಲ್ಲಿರುವ ತಾಯಿಯೊಡನೆ ನಾಲ್ಕು ಮಾತು ಸಾವಕಾಶವಾಗಿ ಆಡಬೇಕು, ದೀಪಾವಳಿ ಕಳೆಯಲಿ. ಎದೆಯಲ್ಲಿ ಆಗಾಗ ಕಾಣಿಸುವ ನೋವನ್ನು ವೈದ್ಯರಿಗೆ ತೋರಿಸಬೇಕು, ದೀಪಾವಳಿ ಕಳೆಯಲಿ. ಮಗುವಿನ ಕೈಹಿಡಿದು ಒಂದು ಸಂಜೆ ಕಡಲತಡಿಯಲ್ಲಿ ಅಡ್ಡಾಡಬೇಕು, ಅದೂ ದೀಪಾವಳಿ ಕಳೆಯಲಿ. ದೀಪಾವಳಿಯೇನೋ ಕಳೆಯುತ್ತದೆ. ಅದು ಕಳೆಯುವಷ್ಟರಲ್ಲಿ ಮದುವೆಯ ಸುಗ್ಗಿ ಬರುತ್ತದೆ, ಅದರ ಹಿಂದೆ ವರ್ಷದ ಕೊನೆ, ಮತ್ತೆ ಮಾರ್ಚಿಯ ಲೆಕ್ಕಪತ್ರ. ಕಳೆಯದೆ ಉಳಿಯುವ ಕೆಲಸವೂ ಉಂಟು, ಉಳಿಯದೆ ಕಳೆದುಹೋಗುವ ವಯಸ್ಸೂ ಉಂಟು. ಇವೆರಡರ ನಡುವೆ ಬಾಳು ಎಲ್ಲಿ ನಡೆಯುತ್ತಿದೆ ಎಂದು ಕೇಳಿಕೊಳ್ಳುವುದು ನಮಗೆ ಇಂದು ಅವಶ್ಯವಾಗಿದೆ.

ಗಡಿಬಿಡಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಗಿರಾಕಿಗಳಿಲ್ಲದ ಹೋಟೆಲಿನ ನೆಮ್ಮದಿ ಯಾರಿಗೂ ಬೇಡ. ಹಬ್ಬದ ಎರಡು ತಿಂಗಳ ದುಡಿಮೆಯಿಂದಲೇ ಊರಿನ ಮನೆಯ ಹಂಚು ಬದಲಾಗುತ್ತದೆ, ತಂಗಿಯ ಮದುವೆಯ ಸಾಲ ತೀರುತ್ತದೆ, ತಮ್ಮನ ಕಾಲೇಜಿನ ಶುಲ್ಕ ಸಂದಾಯವಾಗುತ್ತದೆ. ದುಡಿಮೆಗೆಂದೇ ಊರು ಬಿಟ್ಟು ಬಂದವರು ನಾವು. ಆದರೆ ಬದುಕುವುದಕ್ಕಾಗಿ ದುಡಿಯಬಂದವರು ದುಡಿಮೆ ತೀರಿದ ಮೇಲೆ ಬದುಕುತ್ತೇವೆ ಎಂದು ಹೇಳತೊಡಗಿದರೆ ಲೆಕ್ಕ ಎಲ್ಲಿಯೋ ತಪ್ಪಿದೆ ಎಂದೇ ಅರ್ಥ.

ನಮ್ಮ ಹಿರಿಯರು ಈ ಲೆಕ್ಕವನ್ನು ತಪ್ಪದಂತೆ ಇಟ್ಟುಕೊಂಡಿದ್ದರು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ಮತ್ತೆ ದೀಪಾವಳಿಯ ಸುಮಾರಿಗೇ ಆ ಸಡಗರ. ದೈವಕ್ಕೂ ಒಂದು ಬಿಡುವು, ವೇಷಧಾರಿಗೂ ಒಂದು ಬಿಡುವು. ಅದರ ಹಿಂದೆಯೇ ಆಟಿ ತಿಂಗಳು. ಮಳೆ ಹೊಯ್ಯುವ ಆ ತಿಂಗಳಲ್ಲಿ ಶುಭಕಾರ್ಯಗಳಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಗಳು ತವರಿಗೆ ಬಂದು ತಾಯಿಯ ಬಳಿ ಉಳಿಯುತ್ತಾಳೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದು ಮೈಯನ್ನು ನೋಡಿಕೊಳ್ಳುತ್ತಾರೆ. ಆಟಿ ಬಡತನದ ತಿಂಗಳೂ ಹೌದು. ಅದನ್ನು ಸುಖದ ಕಾಲವೆಂದು ಬಣ್ಣಿಸುವುದು ಸಲ್ಲದು. ಆದರೂ ಮೈಗೂ ಮನಸ್ಸಿಗೂ ಒಂದು ತಂಗುದಾಣವನ್ನು ಪಂಚಾಂಗದೊಳಗೇ ಕಟ್ಟಿಟ್ಟಿದ್ದ ವಿವೇಕ ಅಲ್ಲಿತ್ತು.

ಘಟ್ಟದ ಮೇಲಿನ ನಾಡಿನಲ್ಲಿಯೂ ಹೀಗೆಯೇ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಸೋಮವಾರದಂದು ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಗೆ ಎಷ್ಟೇ ಅವಸರವಿದ್ದರೂ ಆ ದಿನ ಎತ್ತು ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುತ್ತದೆ. ಆ ಎತ್ತಿಗೆ ದೊರೆತ ಬಿಡುವು ಅದನ್ನು ಸಾಕಿದ ರೈತನ ಮಗನಿಗೆ ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ದೊರೆಯದೆ ಹೋದರೆ ಅದಕ್ಕಿಂತ ವಿಷಾದದ ಸಂಗತಿ ಬೇರೆ ಯಾವುದಿದೆ?

ನಗರದಲ್ಲಿ ಬಿಡುವು ಪಂಚಾಂಗದಿಂದ ತಾನಾಗಿ ಬಂದದ್ದಲ್ಲ. ಅದನ್ನು ಕೇಳಿ, ಹೋರಾಡಿ, ಪಡೆಯಬೇಕಾಯಿತು. ಇಂದು ಭಾನುವಾರದ ರಜೆ ಸೂರ್ಯೋದಯದಷ್ಟೇ ಸಹಜವೆಂದು ನಾವು ತಿಳಿದಿದ್ದೇವೆ. ಆದರೆ ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಗಿರಣಿ ಕಾರ್ಮಿಕನಿಗೆ ವಾರದ ರಜೆಯೆಂಬುದೇ ಇರಲಿಲ್ಲ. ‘ದೀನಬಂಧು’ ಪತ್ರಿಕೆಯ ಸಂಪಾದಕರಾಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಲ್ಲಿ ಗಿರಣಿ ಕಾರ್ಮಿಕರ ಸಂಘವನ್ನು ಕಟ್ಟಿ, ವಾರಕ್ಕೊಂದು ದಿನ ವಿಶ್ರಾಂತಿ ಬೇಕೆಂದು ಬೇಡಿಕೆಯಿಟ್ಟರು. ಆರು ವರ್ಷಗಳ ಪ್ರಯತ್ನದ ಬಳಿಕ, ೧೮೯೦ರಲ್ಲಿ, ಗಿರಣಿಯ ಮಾಲಿಕರು ಅದಕ್ಕೆ ಒಪ್ಪಿದರು. ೨೦೦೫ರಲ್ಲಿ ಭಾರತ ಸರಕಾರವು ಲೋಖಂಡೆಯವರ ಹೆಸರಿನಲ್ಲಿ ಅಂಚೆಚೀಟಿಯೊಂದನ್ನು ಹೊರಡಿಸಿತು.

ಗಿರಣಿಗೆ ಬಂದ ರಜೆ ಅಂಗಡಿಗೂ ಹೋಟೆಲಿಗೂ ಬರಲು ಇನ್ನೂ ಬಹುಕಾಲ ಹಿಡಿಯಿತು. ೧೯೪೮ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಹೋಟೆಲು ಕೆಲಸಗಾರನಿಗೂ ವಾರದಲ್ಲಿ ಒಂದು ದಿನದ ರಜೆಯನ್ನು ವಿಧಿಸಿತು. ಅದರ ಸ್ಥಾನದಲ್ಲಿ ಬಂದ ೨೦೧೭ರ ಮಹಾರಾಷ್ಟ್ರದ ಕಾಯಿದೆಯೂ, ತನ್ನ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ, ವಾರಕ್ಕೆ ಒಂದು ಪೂರ್ಣ ದಿನದ ಬಿಡುವನ್ನು ಉಳಿಸಿಕೊಂಡಿದೆ. ಮಾಟುಂಗಾದ ಕೆಲವು ಹಳೆಯ ಉಡುಪಿ ಹೋಟೆಲುಗಳು ಸೋಮವಾರದಂದು ಬಾಗಿಲು ಹಾಕುವ ಪದ್ಧತಿಯನ್ನು ಇರಿಸಿಕೊಂಡಿವೆ. ಮಂಗಳವಾರ ಬೆಳಗ್ಗೆ ಬಾಗಿಲ ಮುಂದೆ ನಿಂತ ಗಿರಾಕಿಗಳ ಸಾಲನ್ನು ಕಂಡವರಿಗೆ, ಒಂದು ದಿನ ಮುಚ್ಚಿದ್ದರಿಂದ ಹೋಟೆಲಿನ ಹೆಸರು ಕೆಡಲಿಲ್ಲವೆಂಬುದು ತಿಳಿದೀತು.

ಬಿಡುವಿಲ್ಲದ ದುಡಿಮೆಯ ಬೆಲೆ ಎಷ್ಟೆಂಬುದನ್ನು ಈಗ ಅಂಕಿ ಅಂಶಗಳೂ ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ ೫೫ ತಾಸು ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, ೩೫ರಿಂದ ೪೦ ತಾಸು ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ನೂರಕ್ಕೆ ೩೫ರಷ್ಟು ಅಧಿಕ. ಹೃದ್ರೋಗದಿಂದ ಸಾಯುವ ಸಂಭವ ನೂರಕ್ಕೆ ೧೭ರಷ್ಟು ಅಧಿಕ. ೨೦೧೬ನೆಯ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯ ಕಾರಣದಿಂದ ಜಗತ್ತಿನಲ್ಲಿ ಸುಮಾರು ೭ ಲಕ್ಷ ೪೫ ಸಾವಿರ ಮಂದಿ ಈ ಎರಡು ರೋಗಗಳಿಗೆ ಬಲಿಯಾದರೆಂದು ಆ ಅಧ್ಯಯನ ಅಂದಾಜು ಮಾಡಿದೆ. ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿಯ ಹನ್ನೊಂದಕ್ಕೆ ಮಲಗುವ ನಮ್ಮ ಹೋಟೆಲು ಬಂಧುಗಳಿಗೆ ೫೫ ತಾಸೆಂದರೆ ವಾರದ ನಡುವೆಯೇ ಮುಗಿದುಹೋಗುವ ಲೆಕ್ಕ. “ದೀಪಾವಳಿ ಕಳೆಯಲಿ” ಎಂದು ಮುಂದಕ್ಕೆ ತಳ್ಳಿದ ಎದೆನೋವಿನ ವಿಚಾರವನ್ನು ವಾಚಕರು ಈ ಬೆಳಕಿನಲ್ಲಿ ನೋಡಬೇಕು.

ಇಷ್ಟಾಗಿಯೂ, ಹಬ್ಬದ ದಿನಗಳಲ್ಲಿ ಬಿಡುವು ಎಲ್ಲಿಂದ ತರೋಣ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ನಮ್ಮ ಕಸುಬಿನಲ್ಲಿಯೇ ಇದೆ. ಉದ್ದನ್ನು ನಾಲ್ಕಾರು ತಾಸು ನೆನೆಸಬೇಕು; ರುಬ್ಬಿದ ಹಿಟ್ಟು ರಾತ್ರಿಯೆಲ್ಲ ಹುದುಗಬೇಕು. ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆಂದು ಹಿಟ್ಟು ಬೇಗ ಉಬ್ಬುವುದಿಲ್ಲ. ಮುಂಬಯಿಯ ಸೆಕೆಯಲ್ಲಿ ಒಂದು ರಾತ್ರಿ ಸಾಕಾದರೆ ದೆಹಲಿಯ ಡಿಸೆಂಬರಿನಲ್ಲಿ ಅದೇ ಹಿಟ್ಟನ್ನು ಒಲೆಯ ಬಳಿ ಬೆಚ್ಚಗಿಟ್ಟು ಕಾಯಬೇಕು. ಸೋಡಾ ಬೆರೆಸಿ ಅವಸರಪಡಿಸಿದರೆ ಇಡ್ಲಿ ಉಬ್ಬೀತು, ತಿಂದವನ ನಾಲಗೆ ಒಪ್ಪದು. ಕಾಫಿಯ ಡಿಕಾಕ್ಷನ್ನೂ ಅಷ್ಟೆ. ಬಿಸಿನೀರು ಹೊಯ್ದ ಮೇಲೆ ಅದು ಹನಿ ಹನಿಯಾಗಿ ತಾನೇ ಇಳಿಯಬೇಕು. ಅಲುಗಿಸಿ ಒತ್ತಿದರೆ ಪುಡಿಯೂ ಜತೆಗಿಳಿದು ರಾಡಿಯಾಗುತ್ತದೆ. ಪ್ರತಿದಿನವೂ ಹಿಟ್ಟಿಗೆ ಕಾಯುವ, ಡಿಕಾಕ್ಷನ್ನಿಗೆ ಕಾಯುವ ನಾವು ನಮ್ಮ ಮೈಮನಸ್ಸುಗಳಿಗೆ ಮಾತ್ರ ಆ ಹೊತ್ತನ್ನು ಕೊಡುವುದಿಲ್ಲ.

ದೇವರಿಗೂ ಕಾಯಬೇಕಾಗಿ ಬಂದುದನ್ನು ೨೦೨೫ರಲ್ಲಿ ಮುಂಬಯಿ ಕಂಡಿತು. ಸೆಪ್ಟೆಂಬರ್ ೬ರ ಅನಂತ ಚತುರ್ದಶಿಯಂದು ಹೊರಟ ಲಾಲ್‌ಬಾಗಿನ ರಾಜನ ಮೆರವಣಿಗೆ ಮರುದಿನ ಬೆಳಗ್ಗೆ ಗಿರ್‌ಗಾಂವ್ ಚೌಪಾಟಿಯನ್ನು ತಲುಪಿತು. ಆದರೆ ಕಡಲಿನಲ್ಲಿ ಉಬ್ಬರವೆದ್ದಿತ್ತು. ಮೂರ್ತಿಯನ್ನು ತೆಪ್ಪಕ್ಕೇರಿಸಲಾಗದೆ ದಿನವೆಲ್ಲ ಕಾದು, ರಾತ್ರಿಯ ವೇಳೆಗೆ ವಿಸರ್ಜನೆ ನೆರವೇರಿತು. ಲಕ್ಷಾಂತರ ಜನರ ಜಯಕಾರಕ್ಕೆ ಸಮುದ್ರ ಒಂದು ಗೇಣೂ ಹಿಂದೆ ಸರಿಯಲಿಲ್ಲ. ಉಬ್ಬರದಿಂದ ಉಬ್ಬರಕ್ಕೆ ಸುಮಾರು ಹನ್ನೆರಡೂವರೆ ತಾಸು ಎಂಬ ತನ್ನ ನಿಯಮವನ್ನು ಅದು ಯಾರಿಗಾಗಿಯೂ ಮುರಿಯಲಿಲ್ಲ. ಆ ದಿನ ಅಲ್ಲಿ ಕಾದು ನಿಂತವರಲ್ಲಿ ಯಾರೂ ಇದರಿಂದ ತಮ್ಮ ಭಕ್ತಿಗೆ ಕುಂದಾಯಿತೆಂದು ತಿಳಿದಿರಲಾರರು. ಕೆಲವು ಕಾರ್ಯಗಳು ಕಾದೇ ಆಗಬೇಕಾದವು.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ರಜೆಗಾಗಿ ಕಾಯುವುದಕ್ಕಿಂತ ಕೈಯಲ್ಲಿರುವ ಸಣ್ಣ ಬಿಡುವುಗಳನ್ನು ಗುರುತಿಸಿ ಕಾಪಾಡಿಕೊಳ್ಳುವುದು ಮೊದಲಿನ ಕೆಲಸ. ಎಂತಹ ಜನಸಂದಣಿಯ ದಿನದಲ್ಲಿಯೂ ಮಧ್ಯಾಹ್ನದ ಊಟದ ಪಂಕ್ತಿ ಮುಗಿದು ಸಂಜೆಯ ತಿಂಡಿ ಆರಂಭವಾಗುವುದರೊಳಗೆ, ಮೂರು ಗಂಟೆಯ ಸುಮಾರಿಗೆ, ಹೋಟೆಲಿಗೆ ಒಂದು ಮೌನ ಬರುತ್ತದೆ. ಮುಕ್ಕಾಲು ತಾಸೋ ಒಂದು ತಾಸೋ. ಈ ಹೊತ್ತನ್ನು ಮೊಬೈಲಿನ ಪರದೆ ನುಂಗಿಬಿಟ್ಟರೆ ಅದು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಬೆನ್ನು ನೆಲಕ್ಕೆ ಹಚ್ಚಿ ಕಣ್ಣು ಮುಚ್ಚಿದರೆ ಅದು ವಿಶ್ರಾಂತಿ. ತಾಯಿಗೆ ಕರೆ ಮಾಡಿ, ಹಣ ತಲುಪಿತೇ ಎಂದಷ್ಟೇ ಕೇಳಿ ಮುಗಿಸದೆ, ಅಂಗಳದ ಅಡಕೆ ಒಣಗಿತೇ, ಹಸು ಕರು ಹಾಕಿತೇ ಎಂದು ವಿಚಾರಿಸಿದರೆ ಅದೂ ವಿಶ್ರಾಂತಿಯೇ. ಪರರಿಗೆ ದಿನಕ್ಕೆ ನೂರು ಎಲೆ ಬಡಿಸಿದವನು ತನ್ನ ಊಟವನ್ನು ಅಡುಗೆಮನೆಯ ಮೂಲೆಯಲ್ಲಿ ನಿಂತುಕೊಂಡು ಮುಗಿಸದೆ, ಹತ್ತು ನಿಮಿಷವಾದರೂ ಕುಳಿತು ಉಂಡರೆ, ಅದು ಅನ್ನಕ್ಕೂ ಮರ್ಯಾದೆ, ಉಂಡವನಿಗೂ ಮರ್ಯಾದೆ.

ಹೋಟೆಲಿನವರಿಗೆ ಇನ್ನೊಂದು ಭಾಗ್ಯವೂ ಉಂಟು. ನಗರ ನಿದ್ರಿಸುತ್ತಿರುವಾಗ ಎದ್ದು ಬೀದಿಗಿಳಿಯುವವರು ಅವರು. ಅಕ್ಟೋಬರಿನಲ್ಲಿ ಮಳೆ ಹಿಂದೆಗೆದು ಆಕಾಶ ತಿಳಿಯಾದಾಗ, ನಸುಕಿನ ನಾಲ್ಕೂವರೆಗೆ ತಲೆಯೆತ್ತಿದರೆ ಮೃಗಶಿರ ನಕ್ಷತ್ರ ನೆತ್ತಿಯ ಸಮೀಪದಲ್ಲಿರುತ್ತದೆ. ಇದೇ ಋತುವಿನಲ್ಲಿ ಪಾರಿಜಾತ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕುದುರುತ್ತದೆ. ಹಳೆಯ ಚಾಳುಗಳ ಅಂಗಳಗಳಲ್ಲಿ, ದೇವಾಲಯದ ಗೋಡೆಗಳ ಬದಿಯಲ್ಲಿ, ಕೇಸರಿ ತೊಟ್ಟಿನ ಆ ಬಿಳಿಯ ಹೂಗಳು ಚೆಲ್ಲಿರುವುದನ್ನು ಎಂಟು ಗಂಟೆಗೆ ಏಳುವವರು ಕಾಣುವುದು ಕಸಬರಿಕೆಯ ತುದಿಯಲ್ಲಿ. ಅವು ಹೊಸದಾಗಿ ಬಿದ್ದಿರುವುದನ್ನು ಕಾಣುವವರು ಹಾಲಿನವರು, ಪತ್ರಿಕೆ ಹಂಚುವವರು, ಹೋಟೆಲಿನವರು. ಅರ್ಧ ನಿಮಿಷ ನಿಂತು ಒಂದು ಹೂವನ್ನೆತ್ತಿಕೊಂಡರೆ ಇಡ್ಲಿ ತಡವಾಗುವುದಿಲ್ಲ.

ಗುಮಾಸ್ತರ ಬಿಡುವು ಲೋಕಲ್ ಗಾಡಿಯಲ್ಲಿದೆ. ಗಾಡಿಯ ನೂಕುನುಗ್ಗಲಿನಲ್ಲಿ ಬಿಡುವೆಂಬ ಮಾತು ಹಾಸ್ಯವಾಗಿ ಕೇಳೀತು. ಆದರೂ, ಹಾರ್ಬರ್ ಮಾರ್ಗದ ಗಾಡಿ ಮಾನ್‌ಖುರ್ದ್ ದಾಟಿ ವಾಶಿಯ ಸೇತುವೆಯನ್ನೇರಿದಾಗ ಎರಡು ಕಡೆಯಲ್ಲಿಯೂ ಠಾಣೆಯ ಖಾರಿ ತೆರೆದುಕೊಳ್ಳುತ್ತದೆ. ೨೦೧೫ರಲ್ಲಿ ಈ ಖಾರಿಯ ಒಂದು ಭಾಗವನ್ನು ರಾಜಹಂಸಗಳ ಅಭಯಧಾಮವೆಂದು ಘೋಷಿಸಲಾಯಿತು. ೨೦೨೨ರಲ್ಲಿ ಇದು ರಾಮ್ಸಾರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಯನ್ನು ಸೇರಿತು. ಫ್ಲೆಮಿಂಗೊ ಎಂದು ಮುಂಬಯಿಗರು ಕರೆಯುವ ಈ ನಸುಗೆಂಪು ಹಕ್ಕಿಗಳು ದೀಪಾವಳಿಯ ಆಸುಪಾಸಿನಿಂದ ಕಛ್ ಮೊದಲಾದ ಕಡೆಗಳಿಂದ ಇಲ್ಲಿಗೆ ಬರತೊಡಗಿ, ಬೇಸಗೆ ಕಳೆಯುವ ತನಕ ಇರುತ್ತವೆ. ಅವೂ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ವಲಸೆ ಬಂದವು. ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಮೇಯುತ್ತವೆ. ಉಬ್ಬರ ಬಂದಾಗ ಸರಿದು ನಿಂತು ವಿಶ್ರಮಿಸುತ್ತವೆ. ಸೇತುವೆ ದಾಟುವ ಆ ಕೆಲವು ನಿಮಿಷ ಕಚೇರಿಯ ಸಂದೇಶಗಳನ್ನು ಕಿಸೆಗೆ ಸೇರಿಸಿ ಕಿಟಕಿಯ ಹೊರಗೆ ನೋಡಿದರೆ, ಹಕ್ಕಿ ಕಾಣದಿದ್ದರೂ ನೀರಾದರೂ ಕಂಡೀತು.

ಬಿಡುವೆಂದರೆ ಸುಮ್ಮನೆ ಕುಳಿತಿರುವುದು ಮಾತ್ರವಲ್ಲವೆಂಬುದಕ್ಕೆ ನಮ್ಮ ಸಮಾಜದ ಚರಿತ್ರೆಯೇ ಸಾಕ್ಷಿ. ಹಗಲೆಲ್ಲ ಲೋಟ ತೊಳೆದ ಹುಡುಗರು ಇರುಳಿನ ಎರಡು ತಾಸು ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕುಳಿತು ಓದಿದರು. ಅವರಲ್ಲಿ ಎಷ್ಟೋ ಮಂದಿ ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಮಾಲಿಕರಾದರು. ೧೯೦೨ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ೧೯೨೬ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್ ಮೊದಲಾದ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದವರು ಕೆಲಸವಿಲ್ಲದವರಾಗಿರಲಿಲ್ಲ. ಊರಿನಲ್ಲಿ ಮೇಳಗಳಿಗೆ ಬಿಡುವಿರುವ ಮಳೆಗಾಲದಲ್ಲಿ ಕಲಾವಿದರನ್ನು ಮುಂಬಯಿಗೆ ಕರೆಸಿ ಯಕ್ಷಗಾನ, ತಾಳಮದ್ದಳೆಗಳನ್ನು ಏರ್ಪಡಿಸಿದವರೂ ದಣಿದ ಮೈಯವರೇ. ಅವರು ತಮ್ಮ ಎರಡು ತಾಸನ್ನು ಜೋಪಾನವಾಗಿ ಕಾದುಕೊಂಡದ್ದರಿಂದ ಇಂದು ನಮಗೆ ಈ ಪರನಾಡಿನಲ್ಲಿ ಕನ್ನಡ ಮಾತು ಕೇಳುವ ನಾಲ್ಕು ಗೋಡೆಗಳು ಉಳಿದಿವೆ.

ಮಾಲಿಕರಿಗೂ ಒಂದು ಮಾತನ್ನು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಇಂದಿನ ಹೋಟೆಲು ಮಾಲಿಕರಲ್ಲಿ ಮಾಣಿಯಾಗಿ ಬದುಕು ಆರಂಭಿಸಿದವರು ಅನೇಕರಿದ್ದಾರೆ. ಹಬ್ಬದ ಇರುಳಿನಲ್ಲಿ ಕಾಲು ಹೇಗೆ ಬಾತುಕೊಳ್ಳುತ್ತದೆ ಎಂಬುದನ್ನು ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಸುಗ್ಗಿಯ ದಿನಗಳಲ್ಲಿ ವಾರದ ರಜೆಯನ್ನು ರದ್ದುಮಾಡುವ ಬದಲು ಸರದಿಯಲ್ಲಿ ಹಂಚಿಕೊಡಬಹುದು. ಮಧ್ಯಾಹ್ನದ ಒಂದು ತಾಸು ಯಾರನ್ನೂ ಕರೆಯುವುದಿಲ್ಲವೆಂದು ನಿಯಮ ಮಾಡಬಹುದು. ಊರಿನಲ್ಲಿ ತಂದೆತಾಯಿಗಳು ಕಾಯಿಲೆಯಲ್ಲಿರುವ ಹುಡುಗನನ್ನು ಹಬ್ಬ ಮುಗಿಯುವ ತನಕ ತಡೆಹಿಡಿಯದೆ, ಎರಡು ದಿನವಾದರೂ ಕಳುಹಿಸಿಕೊಡಬಹುದು. ದಣಿದವನ ಕೈಯಿಂದ ಜಾರಿದ ಲೋಟಗಳ, ತಪ್ಪಿ ಬರೆದ ಬಿಲ್ಲುಗಳ, ಹೇಳದೆ ಕೆಲಸ ಬಿಟ್ಟುಹೋದವರ ಲೆಕ್ಕ ಹಾಕಿದರೆ ಈ ಔದಾರ್ಯದಿಂದ ಗಲ್ಲೆಗೆ ನಷ್ಟವಿಲ್ಲವೆಂಬುದೂ ಸ್ಪಷ್ಟವಾದೀತು.

ದಸರೆಗೂ ದೀಪಾವಳಿಗೂ ನಡುವೆ ಆಶ್ವಯುಜದ ಹುಣ್ಣಿಮೆ ಬರುತ್ತದೆ. ಮಹಾರಾಷ್ಟ್ರದವರು ಅದನ್ನು ಕೋಜಾಗಿರಿ ಎಂದು ಕರೆದು, ಬಾದಾಮಿ, ಕೇಸರಿ ಹಾಕಿದ ಹಾಲನ್ನು ಬೆಳದಿಂಗಳಿನಲ್ಲಿಟ್ಟು, ರಾತ್ರಿ ಎಚ್ಚರವಿದ್ದು ಕುಡಿಯುತ್ತಾರೆ. ಆ ಇರುಳು ಲಕ್ಷ್ಮೀದೇವಿಯು “ಯಾರು ಎಚ್ಚರವಾಗಿದ್ದಾರೆ?” ಎಂದು ಕೇಳುತ್ತ ಸಂಚರಿಸುತ್ತಾಳೆಂದು ನಂಬಿಕೆ, ಹಬ್ಬಕ್ಕೆ ಹೆಸರು ಬಂದದ್ದೇ ಆ ಪ್ರಶ್ನೆಯಿಂದ. ನಮ್ಮ ಹೋಟೆಲು ಬಂಧುಗಳು ವರ್ಷದ ಎಲ್ಲ ಇರುಳುಗಳಲ್ಲಿಯೂ ಎಚ್ಚರವಾಗಿರುವವರೇ. ಆದರೆ ಕಣ್ಣು ತೆರೆದಿರುವುದು ಬೇರೆ, ಎಚ್ಚರವಾಗಿರುವುದು ಬೇರೆ. ಎದುರಿಗಿರುವುದನ್ನು ಕಾಣದೆ, ಉಂಡ ಅನ್ನದ ರುಚಿ ತಿಳಿಯದೆ, ಜತೆಯಲ್ಲಿ ದುಡಿಯುವವನ ಮುಖ ಬಾಡಿದ್ದು ಗಮನಕ್ಕೆ ಬಾರದೆ ಓಡುವವನು ತೆರೆದ ಕಣ್ಣಿನಿಂದಲೇ ನಿದ್ರಿಸುತ್ತಿರುತ್ತಾನೆ.

ಈ ಸಲದ ಹುಣ್ಣಿಮೆಯಂದು ಹೋಟೆಲಿನ ಕದ ಹಾಕಿದ ಮೇಲೆ, ನೆಲ ತೊಳೆದು ಪಾತ್ರೆ ಕವುಚಿದ ಮೇಲೆ, ಭಟ್ಟರೂ ಮಾಣಿಗಳೂ ಗಲ್ಲೆಯವರೂ ಒಟ್ಟಾಗಿ ಕಾಲು ತಾಸು ಹೊರಗೆ ಕುಳಿತು, ಉಳಿದ ಹಾಲನ್ನು ಕಾಯಿಸಿ ಕುಡಿಯಲಿ. ಗುಮಾಸ್ತರು ಮನೆಯ ಮಾಳಿಗೆಯ ಮೇಲೆ ಮಕ್ಕಳನ್ನು ಕರೆದೊಯ್ದು ಚಂದ್ರನನ್ನು ತೋರಿಸಲಿ. ಊರಿನಲ್ಲಿರುವ ತಾಯಿಗೆ ಅಂದೇ ಒಂದು ಕರೆ ಹೋಗಲಿ. ಎದೆನೋವಿರುವವರು ಮರುದಿನವೇ ವೈದ್ಯರಲ್ಲಿಗೆ ಹೋಗಲಿ. ಇದಕ್ಕೆ ದೀಪಾವಳಿ ಕಳೆಯಬೇಕಾಗಿಲ್ಲ.